ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ: ಒಬ್ಬರೇ ಹಾಡಿ, ಒಬ್ಬರೇ ಸಿನಿಮಾ ಮಾಡುವವರ ಕೆಲಸ ಕೆಡುವುದು ಎಲ್ಲಿ?

ಹಾಡು ಚೆನ್ನಾಗಿ ಬಂದಿದೆ, ದೃಶ್ಯವೂ ಚೆನ್ನಾಗಿದೆ. ಆದರೆ ಎಡಿಟಿಂಗ್‌ಗೆ ಕೂತಾಗ ಮೊದಲ ನಿಮಿಷದಲ್ಲಿ ಸರಿಯಾಗಿ ಹೊಂದಿದ್ದ ತುಟಿ ಮತ್ತು ದನಿ ಹತ್ತನೇ ನಿಮಿಷಕ್ಕೆ ಬರುವಷ್ಟರಲ್ಲಿ ದೂರ ಸರಿದಿರುತ್ತವೆ. ಅರ್ಧ ಗಂಟೆಯ ಹೊತ್ತಿಗೆ ಗಾಯಕಿ ಬಾಯಿ ಮುಚ್ಚಿದ ಮೇಲೂ ಆಲಾಪ ಕೇಳಿಸುತ್ತದೆ. ಸ್ವಂತ ಖರ್ಚಿನಲ್ಲಿ ಸಂಗೀತ ವಿಡಿಯೊ, ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡುವವರಿಗೆ ಈ ಅನುಭವ ಹೊಸದೇನಲ್ಲ.

ದೊಡ್ಡ ಚಿತ್ರತಂಡದಲ್ಲಿ ಕ್ಯಾಮೆರಾ, ಧ್ವನಿಗ್ರಹಣ, ಸಂಕಲನ, ಶೀರ್ಷಿಕೆ ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಜನ ಇರುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಹೋಗುವಾಗ 'ಎಷ್ಟು ಫ್ರೇಮ್‌ನಲ್ಲಿ ತೆಗೆದಿದ್ದೀರಿ? ಸೌಂಡ್ ಎಷ್ಟರಲ್ಲಿದೆ?' ಎಂದು ಕೇಳುವ ಪದ್ಧತಿ ಇದೆ. ಮುಂಬೈ, ಪುಣೆ, ಹೈದರಾಬಾದ್‌ನಂಥ ಊರಿನಲ್ಲಿ ವಾರವಿಡೀ ಕಚೇರಿಯಲ್ಲಿ ದುಡಿದು, ಶನಿವಾರ, ಭಾನುವಾರ ಒಬ್ಬರೇ ಎಲ್ಲವನ್ನೂ ಮಾಡಿಕೊಳ್ಳುವವರಿಗೆ ಆ ಪ್ರಶ್ನೆ ಕೇಳುವವರು ಯಾರೂ ಇಲ್ಲ. ಉಪಕರಣ ಅಗ್ಗದ್ದಾದ್ದರಿಂದ ಹೀಗಾಯಿತು ಎಂದು ಅವರು ಅಂದುಕೊಳ್ಳುತ್ತಾರೆ. ಬಹುಪಾಲು ಸಲ ತಪ್ಪಿರುವುದು ಒಂದು ಉಪಕರಣದಿಂದ ಇನ್ನೊಂದಕ್ಕೆ ಕೆಲಸ ದಾಟುವ ಜಾಗದಲ್ಲಿ, ಎರಡರ ನಡುವೆ ಹೊಂದದ ಯಾವುದೋ ಒಂದು ಸಂಖ್ಯೆಯಲ್ಲಿ.

ದನಿ ಜಾರುವುದು ಯಾಕೆ?

ಇದಕ್ಕೆ ಕಾರಣ ಮೂರು. ಹೊರಗಿನಿಂದ ಮೂರೂ ಒಂದೇ ತರಹ ಕಂಡರೂ ಮದ್ದು ಬೇರೆ ಬೇರೆ.

ಮೊದಲನೆಯದು ಫೋನ್ ಕ್ಯಾಮೆರಾ. ಸೆಕೆಂಡಿಗೆ 30 ಫ್ರೇಮ್ ಎಂದು ಪರದೆಯ ಮೇಲೆ ತೋರಿಸಿದರೂ ಹೆಚ್ಚಿನ ಫೋನ್‌ಗಳು ಅಷ್ಟು ಕರಾರುವಾಕ್ಕಾಗಿ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಲೆಕ್ಕ ಏರುಪೇರಾಗುತ್ತದೆ. ಇದನ್ನು ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಪ್ರತಿ ಫ್ರೇಮ್‌ನ ಸಮಯ ಫೈಲಿನಲ್ಲಿ ದಾಖಲಾಗಿರುವುದರಿಂದ ಫೋನಿನಲ್ಲೇ ನೋಡಿದಾಗ ಏನೂ ಗೊತ್ತಾಗುವುದಿಲ್ಲ. ಆದರೆ ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಆ ದಾಖಲೆಯನ್ನು ಸರಿಯಾಗಿ ಪಾಲಿಸದೆ ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಜೋಡಿಸಿಬಿಡುತ್ತವೆ. ಅಲ್ಲಿಗೆ ಚಿತ್ರ ತನ್ನ ಪಾಡಿಗೆ, ದನಿ ತನ್ನ ಪಾಡಿಗೆ.

ಪರಿಹಾರ ಸುಲಭ, ಖರ್ಚೂ ಇಲ್ಲ. ಎಡಿಟಿಂಗ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲನ್ನು ಸ್ಥಿರ ಫ್ರೇಮ್ ರೇಟ್‌ಗೆ ಬದಲಾಯಿಸಿಕೊಳ್ಳಬೇಕು. ಎಡಿಟಿಂಗ್ ಅರ್ಧ ಮುಗಿದ ಮೇಲೆ ಇದನ್ನು ಮಾಡಲು ಹೋದರೆ ಹಾಕಿದ ಕಟ್‌ಗಳೆಲ್ಲ ಮತ್ತೆ ಹಾಕಬೇಕಾಗಬಹುದು. ಫ್ರೇಮ್ ರೇಟ್, ಷಟರ್ ಎರಡನ್ನೂ ಕೈಯಾರೆ ನಿಗದಿ ಮಾಡಲು ಬಿಡುವ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಆಪ್‌ಗಳೂ ಉಚಿತವಾಗಿಯೇ ಸಿಗುತ್ತವೆ. ಅವುಗಳಲ್ಲಿ ತೆಗೆದರೆ ಈ ಏರುಪೇರು ಬಹಳಷ್ಟು ತಗ್ಗುತ್ತದೆ.

ಎರಡನೆಯದು ಸ್ಯಾಂಪಲ್ ರೇಟ್. ಹಾಡಿನ ಲೋಕದಲ್ಲಿ 44.1 ಕಿಲೋಹರ್ಟ್ಜ್ ನಡೆಯುತ್ತದೆ, ವಿಡಿಯೊ ಲೋಕದಲ್ಲಿ 48. ಅಂದಹಾಗೆ, 44.1 ಎಂಬ ಈ ವಿಚಿತ್ರ ಸಂಖ್ಯೆ ಹುಟ್ಟಿದ್ದೂ ವಿಡಿಯೊದಿಂದಲೇ. ಡಿಜಿಟಲ್ ಧ್ವನಿಯನ್ನು ತುಂಬಿಡಲು ಬೇರೆ ದಾರಿ ಇಲ್ಲದ ಕಾಲದಲ್ಲಿ ಅದನ್ನು ವಿಡಿಯೊ ಟೇಪಿನಲ್ಲಿ ದಾಖಲಿಸುತ್ತಿದ್ದರು. ಒಂದು ಗೆರೆಗೆ 3 ಮಾದರಿ, ಒಂದು ಫೀಲ್ಡ್‌ಗೆ 294 ಗೆರೆ, ಸೆಕೆಂಡಿಗೆ 50 ಫೀಲ್ಡ್. ಗುಣಿಸಿದರೆ 44,100. ಜಪಾನ್, ಅಮೆರಿಕದ ಪದ್ಧತಿಯಲ್ಲಿ 245 ಗೆರೆ, 60 ಫೀಲ್ಡ್. ಅದೂ ಅಷ್ಟೇ. 1982ರಲ್ಲಿ ಸಿಡಿ ಬಂದಾಗ ಅದೇ ಸಂಖ್ಯೆ ಗಟ್ಟಿಯಾಯಿತು.

ಸಾಮಾನ್ಯವಾಗಿ ಸಾಫ್ಟ್‌ವೇರ್ ಎರಡನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಆಡಿಯೊ ಇಂಟರ್‌ಫೇಸ್ ಒಂದು ಸಂಖ್ಯೆಯಲ್ಲಿ, ಪ್ರಾಜೆಕ್ಟ್ ಇನ್ನೊಂದರಲ್ಲಿ ಸಿಕ್ಕಿಹಾಕಿಕೊಂಡಾಗ ಮಾತ್ರ ಎಡವಟ್ಟು. 48ರಲ್ಲಿ ದಾಖಲಾದದ್ದನ್ನು 44.1 ಎಂದು ಓದಿದರೆ ಒಂದು ನಿಮಿಷದ ಹಾಡು 65 ಸೆಕೆಂಡಿಗೂ ಸ್ವಲ್ಪ ಹೆಚ್ಚು ಹೊತ್ತು ಎಳೆಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ. ಹಾಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಬರೀ ಮಾತಿನ ಸಂದರ್ಶನವಾದರೆ 'ಇವತ್ತು ಗಂಟಲು ಭಾರವಾಗಿತ್ತೇನೋ' ಎಂದು ಬಿಟ್ಟುಬಿಡುವ ಅಪಾಯ ಇದೆ.

ಮೂರನೆಯದು ಗಡಿಯಾರ. ಕ್ಯಾಮೆರಾಕ್ಕೆ ಒಂದು, ರೆಕಾರ್ಡರ್‌ಗೆ ಒಂದು ಸ್ಫಟಿಕದ ಗಡಿಯಾರ ಇರುತ್ತದೆ. ಎರಡೂ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಸೆಕೆಂಡಿಗೆ 25 ಫ್ರೇಮ್‌ನ ಲೆಕ್ಕದಲ್ಲಿ ಅದು ನಾಲ್ಕೂವರೆ ಫ್ರೇಮ್. ಮೂರು ನಿಮಿಷದ ಹಾಡಿಗೆ ಇದು ತಟ್ಟುವುದೇ ಇಲ್ಲ, ಎರಡು ಗಂಟೆಯ ಕಛೇರಿಯನ್ನು ಕ್ಯಾಮೆರಾ ನಿಲ್ಲಿಸದೆ ತೆಗೆದರೆ ತಟ್ಟುತ್ತದೆ. ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ ದಾಖಲಾಗಿದ್ದರೆ ಅಂತರವನ್ನು ಅಳೆದು ದನಿಯನ್ನು ಅಷ್ಟೇ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು. ಶುರುವಿನ ಚಪ್ಪಾಳೆ ಎಲ್ಲರಿಗೂ ನೆನಪಿರುತ್ತದೆ. ಕೊನೆಯದನ್ನು ಮರೆತು ಕೇಬಲ್ ಸುತ್ತಲು ಶುರು ಮಾಡುವವರೇ ಜಾಸ್ತಿ.

ಯಾವ ಕಾಯಿಲೆ ಎಂದು ಗುರುತಿಸುವುದು ಹೇಗೆ? ಶ್ರುತಿ ಬದಲಾಗಿದ್ದರೆ ಸ್ಯಾಂಪಲ್ ರೇಟ್. ಶ್ರುತಿ ಸರಿ ಇದ್ದು ಅಂತರ ಒಂದೇ ಸಮನೆ ಬೆಳೆಯುತ್ತಾ ಹೋದರೆ ಗಡಿಯಾರ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತಿದ್ದರೆ ಫೋನಿನ ಫ್ರೇಮ್ ರೇಟ್ ಎಂದೇ ಶಂಕಿಸಬೇಕು.

ಟ್ಯೂಬ್‌ಲೈಟ್ ಮಿನುಗು, ಚಂಡೆಯ ಪೆಟ್ಟು

ಭಾರತದಲ್ಲಿ ವಿದ್ಯುತ್ 50 ಹರ್ಟ್ಜ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬ್‌ಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಕ್ಕೆ ಕಾಣುತ್ತದೆ. ಷಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಸಮನಾದ ಬೆಳಕು ಸಿಗುತ್ತದೆ. 60 ಹರ್ಟ್ಜ್ ದೇಶಗಳ ಯೂಟ್ಯೂಬ್ ಪಾಠಗಳನ್ನು ನೋಡಿ 1/60 ಇಟ್ಟವರ ವಿಡಿಯೊದಲ್ಲಿ ಗೋಡೆಯ ಮೇಲೆ ಪಟ್ಟೆಗಳು ಹರಿಯುತ್ತವೆ. ಚಿತ್ರೀಕರಣ ಮುಗಿದ ಮೇಲೆ ಇದನ್ನು ಪೂರ್ತಿ ತೆಗೆಯುವುದು ಕಷ್ಟ.

ಧ್ವನಿಯಲ್ಲಿ ಸರಿಪಡಿಸಲಾಗದ ತಪ್ಪು ಎಂದರೆ ಕ್ಲಿಪಿಂಗ್. ಮುಂಬೈನ ಸಭಾಂಗಣದಲ್ಲಿ ಯಕ್ಷಗಾನ ದಾಖಲಿಸಲು ಹೊರಟವರನ್ನೇ ತೆಗೆದುಕೊಳ್ಳಿ. ಭಾಗವತರ ಮೆಲುದನಿಗೆ ಹೊಂದಿಸಿಟ್ಟ ಮಟ್ಟಕ್ಕೆ ಚಂಡೆಯ ಮೊದಲ ಪೆಟ್ಟು ಬಿದ್ದಾಗ ತರಂಗದ ತುದಿಯೇ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ ಭಾಗ ಎಲ್ಲೂ ದಾಖಲಾಗಿರುವುದಿಲ್ಲ, ಹೀಗಾಗಿ ಆಮೇಲೆ ವಾಲ್ಯೂಮ್ ಇಳಿಸಿದರೂ ಆ ಒರಟು ಹಾಗೇ ಉಳಿಯುತ್ತದೆ. ಅತಿ ಜೋರಿನ ಸದ್ದಿಗೂ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇರುವಂತೆ ಮೊದಲೇ ಹೊಂದಿಸುವುದು ಹಳೆಯ, ನಂಬಬಹುದಾದ ಕ್ರಮ. ಈಗ 32-ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಬಂದಿವೆ. ಮಟ್ಟ ತಪ್ಪಿದರೂ ಅವುಗಳಲ್ಲಿ ಆಮೇಲೆ ಇಳಿಸಿಕೊಳ್ಳಬಹುದು. ಹಾಗೆಂದು ಮೈಕನ್ನು ಚಂಡೆಯ ಪಕ್ಕದಲ್ಲೇ ಇಟ್ಟರೆ ಮೈಕೇ ಒಡೆದ ದನಿ ಕೊಡುತ್ತದೆ, ಅದಕ್ಕೆ ಯಾವ ಬಿಟ್ಟೂ ಮದ್ದಲ್ಲ.

ಇನ್ನು 'ಗುಂಯ್' ಎನ್ನುವ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದ ಕೂಡಲೇ ಅದು ನಿಂತರೆ ತಪ್ಪು ಅರ್ಥಿಂಗ್‌ನಲ್ಲಿದೆ ಎಂದರ್ಥ. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಬಹುದು ಅಥವಾ ಎಲ್ಲ ಉಪಕರಣಗಳನ್ನು ಒಂದೇ ಬೋರ್ಡಿನಿಂದ ಎಳೆಯಬಹುದು. ಸದ್ದು ನಿಲ್ಲಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ, ಅದು ಜೀವಕ್ಕೆ ಅಪಾಯ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕ್ ಮೇಲೆ ಹಾಡುವವರಿಗೆ ತಾಳ ತಪ್ಪುತ್ತದೆ ಎಂಬ ದೂರೂ ಸಾಮಾನ್ಯ. ದನಿ ಗಾಳಿಯಲ್ಲಿ ದಾಟಿ ಕಿವಿಗೆ ಬರುವಷ್ಟರಲ್ಲಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಬಹುದು. ಗಾಯಕರದ್ದೇನೂ ತಪ್ಪಿಲ್ಲ, ತಂತಿ ಇರುವ ಹೆಡ್‌ಫೋನ್ ಹಾಕಿದರೆ ಮುಗಿಯಿತು.

ಕಾರ್ಡ್ ತುಂಬಿತು, ಮುಂದೇನು?

ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ತೆಗೆದರೆ ಒಂದು ಗಂಟೆಗೆ 45 ಜಿಬಿ ಬೇಕು. ಎರಡು ಕ್ಯಾಮೆರಾ, ಎರಡು ಗಂಟೆ ಎಂದರೆ 180 ಜಿಬಿ. ಅದನ್ನು ಅದೇ ರಾತ್ರಿ ಎರಡು ಕಡೆ ನಕಲು ಮಾಡದೆ ಮಲಗುವಂತಿಲ್ಲ. ಹಳೆಯ ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಖಾಲಿ ಜಾಗ ನೂರು ಜಿಬಿ ಇದ್ದರೂ 'ಫೈಲ್ ತುಂಬಾ ದೊಡ್ಡದು' ಎಂಬ ಸಂದೇಶ ಬರುವುದು ಇದಕ್ಕೇ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಆದರೆ ಬದಲಾಯಿಸುವಾಗ ಒಳಗಿರುವುದೆಲ್ಲ ಅಳಿಯುತ್ತದೆ.

ನಕಲಿ ಮೆಮೊರಿ ಕಾರ್ಡ್‌ಗಳ ಹಾವಳಿ ಬೇರೆ. ಹೊರಗೆ 256 ಜಿಬಿ ಎಂದು ಮುದ್ರಿಸಿ ಒಳಗೆ ಅದರ ಕಾಲುಭಾಗವೂ ಇಲ್ಲದ ಕಾರ್ಡ್‌ಗಳಲ್ಲಿ ಚಿತ್ರೀಕರಣ ನಿಲ್ಲದೆ ನಡೆಯುತ್ತದೆ, ಮನೆಗೆ ಬಂದು ನೋಡಿದರೆ ಅರ್ಧ ಫೈಲ್ ತೆರೆಯುವುದಿಲ್ಲ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ ಓದಿ ಪರೀಕ್ಷಿಸುವ ಉಚಿತ ಸಾಫ್ಟ್‌ವೇರ್‌ಗಳಿವೆ. ಎಂಬತ್ತು ದಾಟಿದ ತತ್ವಪದಕಾರರೊಬ್ಬರನ್ನು ಅವರ ಹಳ್ಳಿಗೇ ಹೋಗಿ ದಾಖಲಿಸಿಕೊಂಡು ಬರುವವರಿಗೆ ಎರಡನೇ ಅವಕಾಶ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಒತ್ತಕ್ಷರ ಎಲ್ಲಿ ಹೋಯಿತು?

ಕನ್ನಡದಲ್ಲಿ ಕೆಲಸ ಮಾಡುವವರಿಗಷ್ಟೇ ಗೊತ್ತಿರುವ ತಲೆನೋವು ಇದು. ಶೀರ್ಷಿಕೆಯಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಅರ್ಕಾವತ್ತು ದಾರಿ ತಪ್ಪುತ್ತದೆ. ಫಾಂಟ್ ಸರಿ ಇಲ್ಲ ಎಂದು ಹತ್ತು ಫಾಂಟ್ ಬದಲಾಯಿಸಿದರೂ ಫಲ ಇಲ್ಲ, ಏಕೆಂದರೆ ಅಕ್ಷರಗಳನ್ನು ಜೋಡಿಸುವುದು ಸಾಫ್ಟ್‌ವೇರ್‌ನ ಒಳಗಿನ ಟೆಕ್ಸ್ಟ್ ಎಂಜಿನ್. ಅಡೋಬಿ ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್‌ನ ಕೆಲವು ಆವೃತ್ತಿಗಳಲ್ಲಿ ಪ್ರಿಫರೆನ್ಸ್‌ಗೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಎಂಜಿನ್ ಆರಿಸಿಕೊಂಡರೆ ಅಕ್ಷರ ಸರಿಯಾಗುತ್ತದೆ. ಇಷ್ಟು ದೊಡ್ಡ ಭಾಷೆಗಳಿಗೆ ಬೇಕಾದ ಆಯ್ಕೆಯನ್ನು ಇಷ್ಟು ಒಳಗೆ ಬಚ್ಚಿಟ್ಟದ್ದು ಯಾಕೋ.

ಆ ಸೌಲಭ್ಯ ಇಲ್ಲದ ಸಾಫ್ಟ್‌ವೇರ್‌ಗಾಗಿ ಹಲವರು ಇಂದಿಗೂ ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳನ್ನೇ ನೆಚ್ಚಿಕೊಂಡಿದ್ದಾರೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಒಳಗಿಂದ ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಲ್ಯಾಟಿನ್ ಅಕ್ಷರ. ಅದನ್ನೇ ನಕಲು ಮಾಡಿ ಸಬ್‌ಟೈಟಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಬೀಳುತ್ತದೆ. ಶೀರ್ಷಿಕೆಯನ್ನು ಯುನಿಕೋಡ್ ಕನ್ನಡದಲ್ಲಿ ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ಉಳಿಸಿ ತಂದುಕೊಳ್ಳುವುದು ಸ್ವಲ್ಪ ಬಳಸು ದಾರಿ, ಆದರೆ ಎಲ್ಲೂ ಮುರಿಯುವುದಿಲ್ಲ. ಕನ್ನಡ ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಎಂದೇ ಉಳಿಸಬೇಕು. ನೋಟ್‌ಪ್ಯಾಡ್‌ನಲ್ಲಿ ಅನ್ಸಿ ಎಂದು ಉಳಿಸಿದರೆ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ.

ತನ್ನ ಹಾಡಿಗೇ ಕಾಪಿರೈಟ್ ನೋಟಿಸ್

ಎಲ್ಲ ಮುಗಿಸಿ ಅಪ್‌ಲೋಡ್ ಮಾಡಿದ ಮೇಲೆ ಯೂಟ್ಯೂಬ್‌ನ ಕಂಟೆಂಟ್ ಐಡಿ ಎದುರಾಗುತ್ತದೆ. ಪುರಂದರದಾಸರ ಕೀರ್ತನೆಗೆ ಕಾಪಿರೈಟ್ ಎಲ್ಲಿಂದ ಬಂತು ಎಂದು ಹಾಡಿದವರು ಕಂಗಾಲಾಗುತ್ತಾರೆ. ದಾಸರ ಸಾಹಿತ್ಯಕ್ಕೆ ಕಾಪಿರೈಟ್ ಇಲ್ಲ ಎಂಬುದು ನಿಜ. ಭಾರತದ ಕಾಯ್ದೆಯಲ್ಲಿ ಸಾಹಿತ್ಯ, ಸಂಗೀತ ಕೃತಿಗಳಿಗೆ ರಕ್ಷಣೆ ಇರುವುದು ಕರ್ತೃ ತೀರಿಕೊಂಡ 60 ವರ್ಷಗಳವರೆಗೆ. ಆದರೆ ಅದೇ ಕೀರ್ತನೆಗೆ ಇತ್ತೀಚೆಗೆ ಯಾರಾದರೂ ಹೊಸ ರಾಗ ಸಂಯೋಜಿಸಿದ್ದರೆ ಆ ಸಂಯೋಜನೆಗೆ ಹಕ್ಕಿದೆ, ಒಂದು ಕಂಪನಿಯ ಧ್ವನಿಮುದ್ರಣಕ್ಕೂ ಹಕ್ಕಿದೆ. ಯಂತ್ರ ಹೋಲಿಸಿ ನೋಡುವುದು ದನಿಯನ್ನು. ಎಲೆಕ್ಟ್ರಾನಿಕ್ ತಂಬೂರಿ, ಉಚಿತವಾಗಿ ಸಿಗುವ ತಾಳದ ಲೂಪ್ ಇಬ್ಬರ ಹಾಡಿನಲ್ಲೂ ಇದ್ದರೆ, ಮೊದಲು ನೋಂದಾಯಿಸಿದವರ ಹೆಸರಿನಲ್ಲಿ ಇನ್ನೊಬ್ಬರಿಗೆ ಕ್ಲೇಮ್ ಹೋಗಬಹುದು.

ಕ್ಲೇಮ್ ಬಂದರೆ ಗಾಬರಿಯಿಂದ ವಿಡಿಯೊ ಅಳಿಸಬೇಕಾಗಿಲ್ಲ. ಕ್ಲೇಮ್ ಬೇರೆ, ಚಾನೆಲ್‌ಗೆ ಕುತ್ತು ತರುವ ಸ್ಟ್ರೈಕ್ ಬೇರೆ. ವಿವಾದ ದಾಖಲಿಸಿದರೆ ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ ಇರುತ್ತದೆ, ಉತ್ತರಿಸದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಬೇರೆ ಬೇರೆ ಟ್ರ್ಯಾಕ್‌ಗಳಿರುವ ಮೂಲ ಪ್ರಾಜೆಕ್ಟ್ ಫೈಲ್, ಲೂಪ್ ಪಡೆದ ಕಡೆಯ ಲೈಸೆನ್ಸ್ ಇವು ಕೈಯಲ್ಲಿದ್ದರೆ ವಾದಕ್ಕೆ ಬಲ. ಹಾಡು ಬಿಡುಗಡೆಯಾದ ಕೂಡಲೇ ಜಾಗ ಉಳಿಸಲು ಪ್ರಾಜೆಕ್ಟ್ ಫೋಲ್ಡರ್ ಅಳಿಸುವವರು ಈ ಹೊತ್ತಿಗೆ ಕೈಕೈ ಹಿಸುಕಿಕೊಳ್ಳುತ್ತಾರೆ.

ಚಿತ್ರಮಂದಿರಕ್ಕೆ ಹೋಗುವಾಗ

ಚಿತ್ರೋತ್ಸವಕ್ಕೆ ಆಯ್ಕೆಯಾದ ಮೇಲೆ ಹೊಸ ಪರೀಕ್ಷೆ ಶುರು. ಡಿಜಿಟಲ್ ಚಿತ್ರಮಂದಿರಗಳು ಕೇಳುವುದು ಡಿಸಿಪಿ ಎಂಬ ಪ್ಯಾಕೇಜ್. ಅದರ ಸಾಮಾನ್ಯ ವೇಗ ಸೆಕೆಂಡಿಗೆ 24 ಫ್ರೇಮ್, ಧ್ವನಿ 48 ಕಿಲೋಹರ್ಟ್ಜ್. ನಮ್ಮ ಟ್ಯೂಬ್‌ಲೈಟ್‌ಗೆ ಹೊಂದಲಿ ಎಂದು 25 ಫ್ರೇಮ್‌ನಲ್ಲಿ ತೆಗೆದ ಚಿತ್ರವನ್ನು 24ಕ್ಕೆ ಇಳಿಸಿದರೆ 100 ನಿಮಿಷದ ಸಿನಿಮಾ 104 ನಿಮಿಷ 10 ಸೆಕೆಂಡ್ ಆಗುತ್ತದೆ, ಧ್ವನಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಶ್ರುತಿಯೂ ಇಳಿಯುತ್ತದೆ. ಕ್ಯಾಮೆರಾದಲ್ಲಿ '24' ಎಂದು ಬರೆದದ್ದು ನಿಜಕ್ಕೂ 23.976 ಆಗಿದ್ದರಂತೂ ಇನ್ನೊಂದು ಬಲೆ. ಚಿತ್ರವನ್ನು 24ರಲ್ಲಿ ಓಡಿಸಿ ಧ್ವನಿಯನ್ನು ಹಾಗೇ ಬಿಟ್ಟರೆ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ. ಚಿತ್ರಮಂದಿರದ ಕನಸಿದ್ದರೆ ಮೊದಲ ದಿನವೇ ನಿಖರ 24 ಫ್ರೇಮ್, 1/50 ಷಟರ್ ಆರಿಸಿಕೊಳ್ಳುವುದು ಲೇಸು. ಬೆಳಕಿನ ಮಿನುಗೂ ಬರುವುದಿಲ್ಲ, ಕೊನೆಗೆ ಪರಿವರ್ತನೆಯ ತಾಪತ್ರಯವೂ ಇಲ್ಲ.

ಡಿಸಿಪಿಯನ್ನು ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಒಂದು ಪೂರ್ಣ ಚಿತ್ರಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೀಗಾಗಿ ಮೊದಲು ಐದು ನಿಮಿಷದ ತುಣುಕೊಂದನ್ನು, ಸಾಧ್ಯವಾದರೆ ಕನ್ನಡ ಶೀರ್ಷಿಕೆ ಮತ್ತು ಹಾಡು ಎರಡೂ ಇರುವ ಭಾಗವನ್ನೇ, ಡಿಸಿಪಿ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಒಳ್ಳೆಯದು. ಬೆಳಗಿನ ಮೊದಲ ಆಟಕ್ಕೆ ಮುಂಚೆ ಚಿತ್ರಮಂದಿರ ಖಾಲಿ ಇರುತ್ತದೆ. ಪ್ರೊಜೆಕ್ಷನ್ ನೋಡಿಕೊಳ್ಳುವವರನ್ನು ಮೊದಲೇ ಕೇಳಿಕೊಂಡರೆ ಆ ಹೊತ್ತಿನಲ್ಲಿ ಒಮ್ಮೆ ಹಾಕಿ ತೋರಿಸುತ್ತಾರೆ.