ಜ್ವಾಲಾಮುಖಿಯ ಬೂದಿ: ಉದ್ದಿಮೆದಾರರು ಅರಿತಿರಬೇಕಾದ ಸಂಗತಿಗಳು

ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿಯು 2025ರ ನವೆಂಬರ್ 23ರಂದು ಸಿಡಿದಾಗ ಅದರ ಬೂದಿಮೋಡವು ಕೆಂಪು ಸಮುದ್ರವನ್ನು ದಾಟಿ ಉತ್ತರ ಭಾರತದ ಆಕಾಶದವರೆಗೂ ಸಾಗಿ ಬಂದಿತು. ನಮ್ಮ ದೇಶದ ಕೆಲವು ವಿಮಾನಗಳ ಹಾರಾಟ ರದ್ದಾಯಿತು. ಮೋಡವು ಬಹು ಎತ್ತರದಲ್ಲಿದ್ದುದರಿಂದ ನೆಲದ ಮೇಲಿನ ವ್ಯವಹಾರಕ್ಕೆ ಬಾಧೆ ತಟ್ಟಲಿಲ್ಲ. ಆದರೆ ಇಂಡೊನೇಷ್ಯಾ, ಫಿಲಿಪೈನ್ಸ್, ಜಪಾನ್ ದೇಶಗಳಲ್ಲಿ ಬೂದಿಯು ಅಂಗಡಿ, ಕಾರ್ಖಾನೆಗಳ ಮೇಲೆಯೇ ಸುರಿಯುವುದುಂಟು. ಆ ದೇಶಗಳೊಡನೆ ವ್ಯವಹರಿಸುವ ವರ್ತಕರು ಅದರ ಸ್ವರೂಪವನ್ನು ತಿಳಿದಿರುವುದು ಅವಶ್ಯಕ.

ಬೂದಿ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಇದು ಒಲೆಯ ಬೂದಿಯಲ್ಲ. ಕಲ್ಲು ಹಾಗೂ ಗಾಜಿನ ಚೂಪಾದ ಪುಡಿ. ಇದು ನೀರಿನಲ್ಲಿ ಕರಗದು. ಬೇರಿಂಗ್, ಗೇರುಗಳನ್ನು ಸವೆಸುತ್ತದೆ. ಒದ್ದೆಯಾದರೆ ತನ್ನ ಮೂಲಕ ವಿದ್ಯುತ್ ಹರಿಯಗೊಡುತ್ತದೆ. ಆದಕಾರಣ ಮುನ್ಸೂಚನೆ ಬಂದೊಡನೆ ಯಂತ್ರ, ಕಂಪ್ರೆಸರ್, ಕಂಪ್ಯೂಟರ್‌ಗಳನ್ನು ನಿಲ್ಲಿಸಿ ಹೊದಿಸುವುದು, ಬಾಗಿಲು ಕಿಟಕಿಗಳ ಸಂದುಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚುವುದು ಮೊದಲ ಕರ್ತವ್ಯ.

ಎರಡನೆಯದು ಛಾವಣಿಯ ರಕ್ಷಣೆ. 10 ಸೆಂ.ಮೀ. ದಪ್ಪದ ಒದ್ದೆ ಬೂದಿಯು ಪ್ರತಿ ಚದರ ಮೀಟರಿಗೆ 100ರಿಂದ 200 ಕೆ.ಜಿ. ಭಾರ ಹೇರುತ್ತದೆ. 1991ರ ಜೂನ್ 15ರಂದು ಫಿಲಿಪೈನ್ಸ್‌ನ ಪಿನಾಟುಬೊ ಸ್ಫೋಟಿಸಿದ ದಿನವೇ ಚಂಡಮಾರುತದ ಮಳೆಯೂ ಸುರಿದು, ನೆನೆದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ಅನೇಕರು ಮೃತಪಟ್ಟರು. ಆದ್ದರಿಂದ ಛಾವಣಿಗೆ ನೀರು ಹಾಯಿಸಬಾರದು. ಪದರ ತೆಳುವಾಗಿರುವಾಗಲೇ ಗುಡಿಸಿ ತೆಗೆಯಬೇಕು.

ಮೂರನೆಯದು ವಿಲೇವಾರಿ. ನೆಲದ ಬೂದಿ ಏಳದಂತೆ ತುಸುವೇ ನೀರು ಚಿಮುಕಿಸಿ, ಗುಡಿಸಿ ಚೀಲಕ್ಕೆ ತುಂಬಬೇಕು. ಚರಂಡಿಗೆ ತಳ್ಳಿದರೆ ಅದು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕೆಲಸಗಾರರಿಗೆ ಮುಖಗವಸು, ಕನ್ನಡಕ ಕಡ್ಡಾಯ. ಸಕುರಾಜಿಮಾ ಜ್ವಾಲಾಮುಖಿಯ ಸಮೀಪದ ಜಪಾನಿನ ಕಾಗೊಷಿಮಾದಲ್ಲಿ ನಗರಾಡಳಿತವೇ ಬೂದಿಗೆಂದು ಹಳದಿ ಚೀಲಗಳನ್ನು ಹಂಚಿ, ಗೊತ್ತಾದ ಸ್ಥಳಗಳಿಂದ ಅವನ್ನು ಸಾಗಿಸುತ್ತದೆ.

ಅಮೆರಿಕದ ಸೇಂಟ್ ಹೆಲೆನ್ಸ್ 1980ರ ಮೇ 18ರಂದು ಸಿಡಿದಾಗ, ಸುಮಾರು 135 ಕಿ.ಮೀ. ದೂರದ ಯಾಕಿಮಾ ನಗರಕ್ಕೆ ಬೂದಿ ತೆಗೆಯಲು ಹತ್ತು ವಾರ ಹಿಡಿಯಿತು. 22 ಲಕ್ಷ ಡಾಲರ್ ವೆಚ್ಚವಾಯಿತು. ಬೂದಿ ಬೀಳುವುದು ಕೆಲವೇ ಗಂಟೆಗಳಾದರೂ ಸರಬರಾಜು ಹಲವು ವಾರ ಕುಂಟಬಹುದೆಂಬುದಕ್ಕೆ ಇದು ನಿದರ್ಶನ. ಅಂಥ ಪ್ರದೇಶಗಳಿಂದ ಕಚ್ಚಾಮಾಲು ತರಿಸುವವರು ಕರಾರುಪತ್ರದಲ್ಲಿ ನೈಸರ್ಗಿಕ ವಿಕೋಪದ ಷರತ್ತನ್ನೂ, ವಿಮಾಪತ್ರದಲ್ಲಿ ವಿಳಂಬದ ನಷ್ಟಕ್ಕೆ ರಕ್ಷಣೆಯಿದೆಯೇ ಎಂಬುದನ್ನೂ ಮುಂಚಿತವಾಗಿಯೇ ಪರಿಶೀಲಿಸಿಕೊಳ್ಳುವುದು ಲೇಸು.