ಡಿಗ್ರಿಯಲ್ಲಿ ಶೇ. 60 ಇಲ್ಲದಿದ್ದರೆ ಸರ್ಕಾರಿ ಕೆಲಸವೇ ಇಲ್ಲವೇ?

ಫಲಿತಾಂಶ ಬಂದಾಗಲೆಲ್ಲ ‘ಡಿಗ್ರಿಯಲ್ಲಿ ಶೇ. 60 ಇಲ್ಲದವರು ಸರ್ಕಾರಿ ಪರೀಕ್ಷೆ ಬರೆಯುವಂತಿಲ್ಲ’ ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಇದನ್ನು ನಂಬಿ ಅರ್ಜಿಯನ್ನೇ ಹಾಕದೆ ಕೂತರೆ ವಯೋಮಿತಿ ದಾಟಿಹೋಗುತ್ತದೆ.

ನಿಜವೇನು? ಐಎಎಸ್, ಐಪಿಎಸ್‌ಗೆ ಆಯ್ಕೆ ನಡೆಸುವ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಸಾಕು. ಇಷ್ಟೇ ಅಂಕ ಇರಬೇಕೆಂಬ ಷರತ್ತಿಲ್ಲ. ಬ್ಯಾಂಕ್ ಪಿಒ ಹುದ್ದೆಗಳ ಐಬಿಪಿಎಸ್ ಪರೀಕ್ಷೆಯೂ ಹಾಗೆಯೇ. ಎರಡರಲ್ಲೂ ರ‍್ಯಾಂಕ್ ನಿರ್ಧಾರವಾಗುವುದು ಆ ಪರೀಕ್ಷೆ ಮತ್ತು ಸಂದರ್ಶನದ ಅಂಕಗಳಿಂದ, ಡಿಗ್ರಿ ಅಂಕಗಳಿಂದಲ್ಲ.

ಹಾಗಾದರೆ ಈ 60 ಎಲ್ಲಿಯದು? ಕ್ಯಾಂಪಸ್ ಸಂದರ್ಶನಕ್ಕೆ ಬರುವ ಹಲವು ಕಂಪನಿಗಳು ರಾಶಿ ಅರ್ಜಿಗಳನ್ನು ಸೋಸಲು ಎಳೆಯುವ ಗೆರೆ ಅದು. ಕಂಪನಿಯ ನಿಯಮ, ಸರ್ಕಾರದ್ದಲ್ಲ.

ಅಂಕ ಲೆಕ್ಕಕ್ಕೆ ಬರುವ ದಾರಿಗಳೂ ಇವೆ (ಸಾಮಾನ್ಯ ವರ್ಗಕ್ಕೆ, ಮೀಸಲಾತಿಯಡಿ ರಿಯಾಯಿತಿ ಇದೆ):

• ಐಐಎಂ ಪ್ರವೇಶದ ಕ್ಯಾಟ್: ಪದವಿಯಲ್ಲಿ ಶೇ. 50.
• ಬಿ.ಎಡ್: ಬಿ.ಎ., ಬಿ.ಎಸ್ಸಿ.ಯಲ್ಲಿ ಶೇ. 50. ಅಲ್ಲಿ ಕಡಿಮೆಯಿದ್ದು ಸ್ನಾತಕೋತ್ತರ ಪದವಿಯಲ್ಲಿ ಶೇ. 50 ಬಂದಿದ್ದರೂ ಆಗುತ್ತದೆ.
• ಸಹಾಯಕ ಪ್ರಾಧ್ಯಾಪಕರಾಗಲು ನೆಟ್: ಸ್ನಾತಕೋತ್ತರದಲ್ಲಿ ಶೇ. 55. ಡಿಗ್ರಿ ಅಂಕ ಇಲ್ಲಿ ಅಡ್ಡಿಯಲ್ಲ.

ಅಂಕ ಕಡಿಮೆ ಬಂದವರನ್ನೇ ಹುಡುಕಿಕೊಂಡು ಬರುವ ಇನ್ನೊಂದು ಮೆಸೇಜ್ ‘ಅಂಕ ಹೆಚ್ಚಿಸಿಕೊಡುತ್ತೇವೆ’. ನಕಲಿ ಅಂಕಪಟ್ಟಿ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಕ್ರಿಮಿನಲ್ ಕೇಸೂ ಆಗುತ್ತದೆ.

ಹುದ್ದೆಯಿಂದ ಹುದ್ದೆಗೆ ನಿಯಮ ಬೇರೆ. ಫಾರ್ವರ್ಡ್ ನಂಬುವ ಮೊದಲು ಅಧಿಸೂಚನೆಯ ‘ಶೈಕ್ಷಣಿಕ ಅರ್ಹತೆ’ ಭಾಗ ಓದಿ. ಅಲ್ಲಿ ಶೇಕಡಾವಾರು ಬರೆದಿಲ್ಲವೆಂದರೆ, ಪಾಸಾದವರೆಲ್ಲ ಅರ್ಜಿ ಹಾಕಬಹುದು.