ಶಾಲೆಯ ಸಾಲ, ಮಕ್ಕಳ ಕಂತು

ಶಾಲಾ ವರ್ಷ ಮುಗಿಯಲು ಇನ್ನೂ ಆರು ವಾರವಿದೆ ಎನ್ನುವಾಗ ‘ಹಣ ಮುಗಿಯಿತು, ಬಾಗಿಲು ಹಾಕುತ್ತೇವೆ’ ಎಂದು ಸರ್ಕಾರಿ ಶಾಲೆಯೇ ಹೇಳಿದರೆ? ಸಿರಿವಂತ ಅಮೆರಿಕದಲ್ಲೇ ಹೀಗಾಯಿತು. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಶಾಲಾ ಜಿಲ್ಲೆ 1991ರ ಏಪ್ರಿಲ್‌ನಲ್ಲಿ, ಮೇ 1ರಿಂದ ತರಗತಿಗಳಿಲ್ಲ ಎಂದು ಪ್ರಕಟಿಸಿತು. ಮಕ್ಕಳ ಸಂಖ್ಯೆ ಸುಮಾರು 31,500. ಆರು ವಾರವೆಂದರೆ ನನ್ನಂಥ ವಿಜ್ಞಾನದ ಮೇಷ್ಟ್ರಿಗೆ ಎರಡು ಮೂರು ಅಧ್ಯಾಯ!

ಶಾಲಾ ಜಿಲ್ಲೆ ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ. ಒಂದು ಊರಿನ ಅಥವಾ ಅಕ್ಕಪಕ್ಕದ ಕೆಲವು ಊರುಗಳ ಶಾಲೆಗಳನ್ನು ನಡೆಸುವ, ಜನರೇ ಆರಿಸಿದ ಮಂಡಳಿ ಅದಕ್ಕಿರುತ್ತದೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಅಲ್ಲಿ ಶಿಕ್ಷಕರನ್ನು ನೇಮಿಸಿ ಸಂಬಳ ಕೊಡುವುದು ಈ ಮಂಡಳಿ. ಸ್ಥಳೀಯ ಆಸ್ತಿ ತೆರಿಗೆ, ರಾಜ್ಯದ ಅನುದಾನ, ಕೇಂದ್ರದ ಒಂದಿಷ್ಟು ನೆರವು ಇದರ ಆದಾಯ. ಲೆಕ್ಕ ತಪ್ಪಿದರೆ ಶಾಲೆಯೂ ದಿವಾಳಿ.

ಪೋಷಕರು ನ್ಯಾಯಾಲಯಕ್ಕೆ ಹೋದರು. ಮಂಡಳಿಯ ತಪ್ಪಿಗೆ ತಾನೇಕೆ ಹೊಣೆ ಎಂಬುದು ರಾಜ್ಯದ ವಾದ. ಶಾಲೆ ಮುಚ್ಚದಂತೆ ನೋಡಿಕೊಳ್ಳಿ ಎಂದು ನ್ಯಾಯಾಧೀಶರು ಆದೇಶಿಸಿದರು; 1 ಕೋಟಿ 90 ಲಕ್ಷ ಡಾಲರ್ ತುರ್ತು ಸಾಲ ಬಂತು, ಪಾಠ ಮುಂದುವರಿಯಿತು. 1992ರ ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ, ಎಲ್ಲ ಮಕ್ಕಳಿಗೂ ಮೂಲಭೂತ ಶಿಕ್ಷಣ ಸಮಾನವಾಗಿ ಸಿಗುವಂತೆ ನೋಡಿಕೊಳ್ಳುವುದು ಕೊನೆಗೆ ರಾಜ್ಯದ್ದೇ ಹೊಣೆ ಎಂದಿತು. ಆದರೆ ಶಾಸನಸಭೆ ಬೇರೆ ಕೆಲಸಕ್ಕೆಂದು ಇಟ್ಟ ಹಣವನ್ನು ಇತ್ತ ತಿರುಗಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂದೂ ಹೇಳಿತು. ಹಾಗೆ ತಿರುಗಿಸಿದ್ದರಲ್ಲಿ ಪಕ್ಕದ ಓಕ್‌ಲ್ಯಾಂಡ್ ಶಾಲೆಗಳಿಗೆಂದು ಇಟ್ಟ ಹಣವೂ ಇತ್ತು!

ಗಮನಿಸಿ, ಬಂದದ್ದು ದಾನವಲ್ಲ, ಸಾಲ. ಅದು ತೀರಿದ್ದು 2012ರಲ್ಲಿ. 1991ರಲ್ಲಿ ಹುಟ್ಟೇ ಇರದಿದ್ದ ಮಕ್ಕಳ ಪಾಲಿನ ಹಣದಿಂದಲೂ ಕಂತು ಕಟ್ಟಿದಂತಾಯಿತು. ಇದನ್ನು ನ್ಯಾಯವೆನ್ನಲು ನನಗೆ ಮನಸ್ಸು ಬಾರದು.

ರೋಗ ಉಲ್ಬಣಿಸುವ ಮೊದಲೇ ಪತ್ತೆ ಹಚ್ಚಲು 1991ರಲ್ಲೇ ಒಂದು ಕಾಯ್ದೆಯೂ ಬಂತು. ಪ್ರತಿ ಶಾಲಾ ಜಿಲ್ಲೆಯ ಬಜೆಟ್ಟನ್ನು ಮೇಲಿನ ಕೌಂಟಿ ಕಚೇರಿ ಪರಿಶೀಲಿಸಬೇಕು. ಈ ವರ್ಷದ್ದಷ್ಟೇ ಅಲ್ಲ, ಮುಂದಿನ ಎರಡು ವರ್ಷಗಳ ಖರ್ಚಿಗೂ ಹಣವಿದೆಯೇ ಎಂದು ವರ್ಷದ ನಡುವೆ ಎರಡು ಸಲ ವರದಿ ಕೊಡಬೇಕು. ದೊಡ್ಡ ಸಾಲ ಕೇಳಿದರೆ ಮಂಡಳಿಯ ಅಧಿಕಾರಕ್ಕೇ ಕತ್ತರಿ.

ಇಷ್ಟಾದರೂ ಓಕ್‌ಲ್ಯಾಂಡ್ 2003ರಲ್ಲಿ 10 ಕೋಟಿ ಡಾಲರ್ ಸಾಲಕ್ಕೆ ಕೈಚಾಚಿತು. ರಾಜ್ಯ ತನ್ನ ಆಡಳಿತಾಧಿಕಾರಿಯನ್ನು ಕಳಿಸಿತು, ಆರಿಸಿ ಬಂದ ಸದಸ್ಯರು ಹೆಸರಿಗಷ್ಟೇ ಉಳಿದರು. ಆ ಊರಿನ ತಂದೆತಾಯಿಗಳ ಮತಕ್ಕೂ ವರ್ಷಗಟ್ಟಲೆ ಬೆಲೆಯಿಲ್ಲದಂತಾಯಿತು. ಸಾಲದ ಕಂತು ಮಾತ್ರ ಎರಡು ದಶಕ ಕಳೆದರೂ ನಡೆದೇ ಇತ್ತು.